ನಾಲ್ಕು ಬೆರಳು ಈಚೆ

ಕಿರುಗಾವಲಿನ ಕೆಂಪಯ್ಯನವರು ಜಗಲಿಯ ಮುಂದೆ ಬಗ್ಗಿ ನಿಂತು ಬೊಗಸೆ ಚಾಚಿದರು. ಎಂಟು ವರ್ಷದ ಸಣ್ಣತಾಯಿ ಹಿತ್ತಾಳೆಯ ಚೆಂಬನ್ನು ಬಗ್ಗಿಸಿದಳು. ನೀರು ಬೊಗಸೆಗೆ ಬೀಳಲಿಲ್ಲ. ಅವರ ಬೆರಳ ತುದಿಯಿಂದ ನಾಲ್ಕು ಬೆರಳು ಈಚೆಗೆ, ನೆಲದ ಮೇಲೆ ಸುರಿದು, ಅವರ ಹೊಸ ಮೆಟ್ಟಿಗೂ ಒಗೆದ ಪಂಚೆಯ ಅಂಚಿಗೂ ಕೆಸರು ಸಿಡಿಯಿತು. ಗಾಬರಿಯಲ್ಲಿ ಅವಳು ಚೆಂಬನ್ನು ಇನ್ನಷ್ಟು ಬಗ್ಗಿಸಿದಳು. ಉಳಿದದ್ದೂ ಅಲ್ಲಿಗೇ ಬಿತ್ತು.

ಕೆಂಪಯ್ಯನವರು ಬಂದಿದ್ದು ಸಣ್ಣತಾಯಿಯ ಅಕ್ಕ ದೇವಿರಮ್ಮನನ್ನು ತಮ್ಮ ಮಗನಿಗೆ ಕೇಳಲು. ಹೆಣ್ಣು ಕೇಳಲು ಬಂದವರ ಕೈಗೆ ಮನೆಯ ಮಗಳೊಬ್ಬಳು ನೀರು ಕೊಟ್ಟು ಒಳಗೆ ಕರೆಯಬೇಕು. ಅದು ಮೊದಲ ಮರ್ಯಾದೆ. ಯಾರನ್ನು ಕೇಳಲು ಬಂದಿದ್ದಾರೋ ಆ ಹೆಣ್ಣೇ ಬಂದು ನೀರು ಕೊಡುವಂತಿಲ್ಲವಾದ್ದರಿಂದ ಅದು ತಂಗಿಯ ಪಾಲಿಗೆ ಬಂದಿತ್ತು.

ಕೆಂಪಯ್ಯನವರು ತಮ್ಮ ಒಣ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಸಣ್ಣತಾಯಿಯ ಅಪ್ಪ ಬೋರಯ್ಯನನ್ನು ನೋಡಿದರು.

"ಅಲ್ಲ ಬೋರಣ್ಣ, ಕೈ ತೊಳಿಯಾಕೆ ನೀರು ಕೊಟ್ರೋ, ಇಲ್ಲ ನಮ್ಗೆ ಎಳ್ಳುನೀರು ಬುಟ್ರೋ? ಎಳ್ಳೊಂದು ಬಾಕಿ ಮಡಿಕಂಡಂಗದೆ."

ತಮಾಷೆಗೇ ಹೇಳಿದ್ದಿರಬಹುದು. ಆದರೆ ಸತ್ತವರಿಗೆ ಬಿಡುವ ನೀರಿನ ಮಾತು ಹೆಣ್ಣು ಕೇಳುವ ದಿನ ಬಾಯಿಗೆ ಬಂದ ಮೇಲೆ ನಗುವವರು ಯಾರು? ಅವರ ಜೊತೆ ಬಂದಿದ್ದ ಅವರ ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು, "ಸಕುನ ಸರಿಯಿಲ್ಲ ಕಣಪ್ಪ" ಎಂದದ್ದು ಎಲ್ಲರಿಗೂ ಕೇಳಿಸಿತು. ಊಟ ಮಾಡಿದರು, ಮುದ್ದೆ ಚೆನ್ನಾಗಿದೆ ಎಂದರು. ವೀಳ್ಯವನ್ನು ಮಾತ್ರ ಮುಟ್ಟಲಿಲ್ಲ. "ಸುಗ್ಗಿ ಕಳೀಲಿ, ಯೋಳಿ ಕಳುಸ್ತೀವಿ" ಎಂದು ಗಾಡಿ ಹತ್ತಿದರು. ಶ್ರಾವಣ ಇನ್ನೂ ಅರ್ಧ ಬಾಕಿ ಇತ್ತು. ಸುಗ್ಗಿ ಎಂದರೆ ಐದು ತಿಂಗಳು.

ಗಾಡಿ ಮರೆಯಾದ ಮೇಲೆ ಅವ್ವ ಅಂಕಮ್ಮ ತಿರುಗಿದಳು.

"ಕಣ್ಣ ಏನು ಬೆನ್ನ ಮ್ಯಾಲೆ ಮಡಗಿದ್ದೇನೆ? ಆನೆಯಂಥ ಮನುಸ ಕೈ ಚಾಚ್ಕಂಡು ನಿಂತವ್ನೆ, ಅದು ಕಾಣಾಕಿಲ್ವಾ ನಿಂಗೆ?"

"ಕಾಣ್ತಿತ್ತು ಕಣವ್ವ," ಎಂದಳು ಸಣ್ಣತಾಯಿ. ಅದು ನಿಜವಾಗಿತ್ತು. ಕೈ ಕಾಣುತ್ತಿತ್ತು, ಕೈಯ ಮೇಲಿನ ಗೀರು ಕಾಣುತ್ತಿತ್ತು, ಉಂಗುರವೂ ಕಾಣುತ್ತಿತ್ತು. ಆ ಕೈಗೆ ಎರೆದ ನೀರು ಅಲ್ಲಿಗೇ ಹೋಗಿ ಯಾಕೆ ಬೀಳಲಿಲ್ಲ ಎಂಬುದು ಅವಳಿಗೂ ಬೇಕಾಗಿದ್ದ ಉತ್ತರ.

ದೇವಿರಮ್ಮ ತಂಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅವಳ ಕಾಲಿನ ಕೆಸರು ತೊಳೆದಳು.

"ಆ ಮೆಟ್ಟು ನಂಗೂ ಇಡಿಸ್ನಿಲ್ಲ ಬುಡು," ಎಂದಳು. "ಕಿರ್ರು ಕಿರ್ರು ಅಂತಿತ್ತು."

ಆದರೆ ಸಣ್ಣತಾಯಿಗೆ ಗೊತ್ತಿತ್ತು. ಕೆಂಪಯ್ಯನವರ ಜೊತೆ ಬಂದಿದ್ದ ಅವರ ಮಗ, ದೊಡ್ಡವರೆಲ್ಲ ಮಾತಿಗೆ ಕೂತಾಗ, ಬಿಸಿಲಿಗೆ ಸಿಕ್ಕಿದ್ದ ಕರುವನ್ನು ತಾನಾಗಿ ಬಿಚ್ಚಿ ನೆರಳಿಗೆ ಕಟ್ಟಿದ್ದ. ಅಕ್ಕ ಅದನ್ನು ಕಿಟಕಿಯಿಂದ ನೋಡಿದ್ದಳು. ನೋಡಿದ ಮೇಲೆ ಕಿಟಕಿಯ ಹತ್ತಿರವೇ ನಿಂತಿದ್ದಳು.

ಮನೆಯಲ್ಲಿ ಎಲ್ಲರೂ ಕೇಳಿದ್ದು, ನೀರು ಯಾಕೆ ಚೆಲ್ಲಿದೆ ಎಂದು. ತಾತ ಜವರಯ್ಯ ಒಬ್ಬನೇ ಬೇರೆ ಮಾತು ಕೇಳಿದ. ಮಾರನೆಯ ದಿನ ಬೆಳಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದವನು ಮೊಮ್ಮಗಳನ್ನು ಕರೆದ.

"ಮಗಾ, ನೆನ್ನೆ ಚೆಲ್ದೆ, ಸರಿ. ದಿನಾ ನಂಗೆ ಕೈಗೆ ನೀರು ಬುಡ್ತೀಯಲ್ಲ, ಅದ್ಯಾಕೆ ಚೆಲ್ಲಾಕಿಲ್ಲ?"

ಸಣ್ಣತಾಯಿಗೆ ಗೊತ್ತಿರಲಿಲ್ಲ. ತಾತ ಚೆಂಬು ತರಿಸಿ, ಬೊಗಸೆ ಒಡ್ಡಿ, "ಬುಡು" ಎಂದ. ನೀರು ಸರಿಯಾಗಿ ಬೊಗಸೆಗೆ ಬಿತ್ತು. ತಾತ ನೀರು ನೋಡಲಿಲ್ಲ, ಅವಳ ಕೈ ನೋಡುತ್ತಿದ್ದ. ಎರೆಯುವ ಮೊದಲು ಚೆಂಬಿನ ಕಂಠ ಅವನ ಹೆಬ್ಬೆರಳಿಗೆ ಒಂದು ಚೂರು ತಾಕಿತು. ತಾಕಿದ ಮೇಲೆಯೇ ಚೆಂಬು ಬಗ್ಗಿತು.

"ಈಗ ಮುಟ್ಟದಂಗೆ ಬುಡು."

ನೀರು ಅವನ ಮೊಣಕಾಲಿಗೆ ಬಿತ್ತು.

ತಾತ ಪಂಚೆ ಕೊಡವಿಕೊಂಡು ನಕ್ಕ. ಬಂದ ಬೀಗರ ಕೈಗೆ ಚೆಂಬು ತಾಕಿಸುವಂತಿಲ್ಲ, ಅದಕ್ಕೇ ಮೇಲಿಂದ ಎರೆದಳು, ಅದಕ್ಕೇ ತಪ್ಪಿತು. ಅಷ್ಟು ಅವನಿಗೆ ತಿಳಿಯಿತು. ಆದರೆ ಮುಟ್ಟದೆ ದೂರ ತಿಳಿಯದು ಎಂದರೆ ಏನು? ಉಳಿದವರೆಲ್ಲ ಮುಟ್ಟದೆ ಎರೆಯುತ್ತಾರಲ್ಲ, ಅವರಿಗೆ ದೂರ ಹೇಳುವವರು ಯಾರು?

ಜವರಯ್ಯ ಎತ್ತು ನೋಡುವುದರಲ್ಲಿ ಮಳವಳ್ಳಿ ಮದ್ದೂರಿನವರೆಗೂ ಹೆಸರಾದವನು. ಎತ್ತು ಕುಂಟಿದರೆ ಮೊದಲು ಕಾಲು ಹಿಡಿಯುತ್ತಿರಲಿಲ್ಲ. ಹಿಂದೆ ಹಿಂದೆ ಅರ್ಧ ದಿನ ನಡೆದು ನೋಡುತ್ತಿದ್ದ. ಇಲ್ಲೂ ಹಾಗೇ ಮಾಡಿದ. ಒಂದು ಜೋಳದ ದಂಟನ್ನು ನೆಲಕ್ಕೆ ನೆಟ್ಟು, ಇನ್ನೊಂದು ದಂಟು ಕೈಯಲ್ಲಿ ಹಿಡಿದು, ಅದರ ತುದಿಗೆ ಇದರ ತುದಿ ತಾಕಿಸಬೇಕು ಎಂದ. ಅವನು ಹತ್ತಕ್ಕೆ ಹತ್ತು ಸಲ ತಾಕಿಸಿದ. ಸಣ್ಣತಾಯಿ ಹತ್ತಕ್ಕೆ ಎರಡು. ಆಮೇಲೆ ಅವನು ಒಂದು ಕಣ್ಣು ಮುಚ್ಚಿಕೊಂಡು ಮಾಡಿದ. ಅವನಿಗೂ ತಪ್ಪಿತು. ಇನ್ನೊಂದು ಕಣ್ಣು ಮುಚ್ಚಿದ. ಆಗಲೂ ತಪ್ಪಿತು. ಎರಡೂ ತೆರೆದ, ತಾಕಿತು. ಒಂದು ಕಣ್ಣು ಮುಚ್ಚಿ ಮತ್ತೊಮ್ಮೆ ಹಣಕಿ ನೋಡುತ್ತಿರುವಾಗ ಪಕ್ಕದ ಮನೆಯ ಚಲುವಮ್ಮ ನೀರಿನ ಬಿಂದಿಗೆ ಹೊತ್ತು ಬಂದಳು.

"ಅದ್ಯಾರಿಗೆ ಮಾವ, ಈ ವಯಸ್ನಲ್ಲಿ ಕಣ್ಣು ಒಡೀತಿದ್ದೀಯೆ?"

"ನಿಂಗಲ್ಲ, ಸುಮ್ಕೆ ಓಗು."

ಅವಳು ನಗುತ್ತ ಹೋದಳು. ತಾತ ನಗಲಿಲ್ಲ. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ. ತೆಂಗಿನ ಮರ, ಮರದ ಮೇಲಿನ ಅಳಿಲು, ಎಲ್ಲ ಹೇಳಿದಳು. ಬಲಗಣ್ಣು ಮುಚ್ಚಿದ. 

"ಏನ್ ಕಾಣ್ತದೆ?"

"ಮಂಜು."

"ಮರ?"

"ಅಸಿರಾಗಿ ಏನೋ ಅದೆ."

"ಮೊದ್ಲಿಂದಲೂ ಇಂಗೇನಾ? ಯಾಕ್ ಮಗಾ ಯೋಳ್ನಿಲ್ಲ?"

ಸಣ್ಣತಾಯಿಗೆ ಆಶ್ಚರ್ಯವಾಯಿತು. "ಎಲ್ಲಾರ್ಗೂ ಇಂಗೇ ಅಲ್ವಾ ತಾತ? ಒಂದು ಕಣ್ಣು ನೋಡಾಕೆ, ಇನ್ನೊಂದು ಅದ್ರ ಜೊತೆಗಿರಾಕೆ."

ಜವರಯ್ಯ ಮಾರನೆಯ ದಿನ ಗಾಡಿ ಕಟ್ಟಿದ.

ಮಳವಳ್ಳಿ ಅವರ ಊರಿಂದ ಮೂರು ಮೈಲಿ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಲು ಗ್ಯಾಸಿನ ಮೇಲೆ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಕೆಮ್ಮಿಕೊಂಡು ನಿಂತಿತ್ತು. ತಾತನ ಎತ್ತುಗಳು ಅದನ್ನು ದಾಟಿಕೊಂಡು ಹೋದಾಗ ಅವನಿಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಆಸ್ಪತ್ರೆಯ ಡಾಕ್ಟರು ಮೈಸೂರಿನ ಕಡೆಯವರು, ತೆಳ್ಳಗೆ, ಮಾತು ಕಡಿಮೆ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಗಾಜಿನ ಮೇಲೆ ಗಾಜು ಹಾಕಿ ತೆಗೆದರು.

"ಕಣ್ಣು ಕೆಟ್ಟಿಲ್ಲ ಜವರಯ್ಯ," ಎಂದರು. "ಎರಡು ಕಣ್ಣೂ ಒಂದೊಂದು ಚಿತ್ರ ಕಳಿಸುತ್ತವೆ. ಎರಡಕ್ಕೂ ಒಂದು ಚೂರು ವ್ಯತ್ಯಾಸ ಇರುತ್ತೆ, ನಡುವೆ ಮೂಗಿದೆಯಲ್ಲ. ಆ ವ್ಯತ್ಯಾಸ ನೋಡಿಯೇ ಮಿದುಳು ಇದು ಹತ್ತಿರ, ಇದು ದೂರ ಅಂತ ಲೆಕ್ಕ ಹಾಕೋದು. ಈ ಮಗುವಿನ ಎಡಗಣ್ಣಿಗೆ ಹುಟ್ಟಿನಿಂದ ಪವರು ಜಾಸ್ತಿ, ಚಿತ್ರ ಮಸುಕು. ಮಸುಕಾದದ್ದು ಯಾಕೆ ಅಂತ ಮಿದುಳು ಅದನ್ನು ಪಕ್ಕಕ್ಕೆ ಇಟ್ಟುಬಿಟ್ಟಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಸೋಮಾರಿ ಕಣ್ಣು ಅಂತಾರೆ."

"ಮೈಗಳ್ಳ," ಎಂದ ತಾತ. ಕೆಲಸಕ್ಕೆ ಒಗ್ಗದ ಎತ್ತಿಗೆ ಅವರು ಹೇಳುವ ಮಾತು.

"ಹಾಗೇ ಅಂದುಕೋ. ಕನ್ನಡಕ ಬರೆದುಕೊಡ್ತೀನಿ, ಮೈಸೂರಿಂದ ಬರಬೇಕು. ಬಂದ ಮೇಲೆ ಒಳ್ಳೆ ಕಣ್ಣಿಗೆ ಬಟ್ಟೆ ಕಟ್ಟಿ, ದಿನಾ ಅರ್ಧ ಹೊತ್ತು. ಆಗ ಇದು ಕೆಲಸ ಕಲಿಯುತ್ತೆ." ಸ್ವಲ್ಪ ತಡೆದು ಹೇಳಿದರು. "ಐದು ವರ್ಷಕ್ಕೇ ತಂದಿದ್ದರೆ ಚೆನ್ನಾಗಿತ್ತು. ಎಂಟಕ್ಕೆ ತಡವಾಯಿತು. ಬರಬಹುದು, ಬರದೇ ಇರಬಹುದು."

ಆಸ್ಪತ್ರೆಯ ಹಿಂದೆಯೇ ಅವರ ಮನೆ. ಡಾಕ್ಟರು ಚೀಟಿ ಬರೆಯುವಷ್ಟರಲ್ಲಿ ಅವರ ಹೆಂಡತಿ ಮಗುವನ್ನು ಪಡಸಾಲೆಗೆ ಕರೆದು ಅವಲಕ್ಕಿ ಕೊಟ್ಟರು. ಮೇಜಿನ ಮೇಲೆ ಹಿಡಿಯಿರುವ ಒಂದು ಮರದ ಯಂತ್ರವಿತ್ತು. ಕಣ್ಣಿಗೆ ಹಿಡಿಯಲು ಎರಡು ಗಾಜು. ಅದರ ಮುಂದೆ ಒಂದು ರಟ್ಟು, ರಟ್ಟಿನ ಮೇಲೆ ಒಂದೇ ಥರದ ಎರಡು ಫೋಟೋ ಅಕ್ಕಪಕ್ಕ. ಶಿವನಸಮುದ್ರದ ಜಲಪಾತ.

"ಇದರೊಳಗೆ ನೋಡು. ಎರಡು ಚಿತ್ರ ಸೇರಿ ಒಂದಾಗುತ್ತೆ. ನೀರು ಈಚೆಗೆ ಬಂದು ನಿಲ್ಲುತ್ತೆ, ಬಂಡೆ ಹಿಂದಕ್ಕೆ ಹೋಗುತ್ತೆ. ಕೈ ಹಾಕಿ ಮುಟ್ಟೋಣ ಅನ್ನಿಸುತ್ತೆ."

ಸಣ್ಣತಾಯಿ ನೋಡಿದಳು. ಬೂದು ಬಣ್ಣದ ಬಂಡೆ, ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿಯ ಗೆರೆ. ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಹಾಗಿತ್ತು. ಅಮ್ಮಾವ್ರು ಕಾಯುತ್ತಿದ್ದರು.

"ಬಂತು," ಎಂದಳು, ಅವಲಕ್ಕಿ ಕೊಟ್ಟವರ ಮುಖ ನೋಡಿ.

ಅಮ್ಮಾವ್ರಿಗೆ ಅದು ಸುಳ್ಳೆಂದು ಗೊತ್ತಾಯಿತು. ನಿಜವಾಗಿ ಕಂಡವರು ಯಾರೂ ಹಾಗೆ ಒಂದೇ ಮಾತಿನಲ್ಲಿ ಹೇಳುವುದಿಲ್ಲ, ಮೊದಲ ಸಲ ಕಂಡಾಗ ಎಲ್ಲರೂ ಕೈ ಮುಂದೆ ಮಾಡುತ್ತಾರೆ. ಆದರೂ ಅವರು, "ಒಳ್ಳೇದಾಯಿತು. ಇನ್ನೊಂದು ಸಲ ಬಂದಾಗ ಇನ್ನೂ ಚೆನ್ನಾಗಿ ಬರುತ್ತೆ" ಎಂದು ಇನ್ನೊಂದು ಹಿಡಿ ಅವಲಕ್ಕಿ ಹಾಕಿದರು.

ಕನ್ನಡಕ ಬರಲು ಇಪ್ಪತ್ತು ದಿನವಾಯಿತು. ತಂತಿಯ ಚೌಕಟ್ಟು, ದುಂಡನೆಯ ಗಾಜು. ಎಡಗಡೆ ಗಾಜು ದಪ್ಪ, ಬಲಗಡೆ ಬರೀ ಕಿಟಕಿ ಗಾಜಿನಂತೆ. ಬಲಗಣ್ಣಿಗೆ ದೇವಿರಮ್ಮ ತನ್ನ ಹಳೆಯ ರವಿಕೆಯ ನೀಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಳಮಗ್ಗುಲು ಮೆತ್ತಗಿರಲೆಂದು ಹತ್ತಿ ಇಟ್ಟು ಹೊಲಿದುಕೊಟ್ಟಳು.

"ಅಮಲ್ದಾರ್ರು ಬಂದ್ರು, ಕಂದಾಯ ಕಟ್ರಪ್ಪೋ," ಎಂದಳು ಚಲುವಮ್ಮ ಬಾವಿಯ ಹತ್ತಿರ. ಎಲ್ಲರೂ ನಕ್ಕರು. ಆದರೆ ಸಣ್ಣತಾಯಿ ಬಿಂದಿಗೆ ಎತ್ತುವಾಗ ಬಾವಿಕಟ್ಟೆಯ ಒಡೆದ ಕಲ್ಲಿನ ಕಡೆಗೆ ತಾನೇ ನಿಂತು, "ಈ ಕಡೀಂದ ಬಾ ಅಮಲ್ದಾರಮ್ಮ" ಎಂದವಳೂ ಚಲುವಮ್ಮನೇ.

ಮೊದಮೊದಲು ಎಡಗಣ್ಣೊಂದರಲ್ಲಿ ನಡೆಯುವುದೇ ಕಷ್ಟವಾಯಿತು. ಹೊಸಿಲು ಎಡವಿದಳು, ಎಮ್ಮೆಯನ್ನು ಹಸು ಎಂದಳು. ಮೂರನೆಯ ವಾರಕ್ಕೆ ಮಂಜಿನೊಳಗಿಂದ ಅಂಚುಗಳು ಎದ್ದವು. ಒಂದೂವರೆ ತಿಂಗಳಿಗೆ ಅಕ್ಕಿಯೊಳಗಿನ ಕಲ್ಲು ಆರಿಸಿದಳು. ಸ್ಕೂಲಿನ ಪುಸ್ತಕದ ದೊಡ್ಡಕ್ಷರ ಓದಿದಳು. ಮನೆಯವರಿಗೆಲ್ಲ ಸಂತೋಷ. ತಾತ ಮಾತ್ರ ಬಟ್ಟೆ ಬಿಚ್ಚಿಸಿ, ಬೊಗಸೆ ಒಡ್ಡಿ, "ಮುಟ್ಟದಂಗೆ ಬುಡು" ಎಂದ.

ನೀರು ಮೊಣಕಾಲಿಗೆ ಬಿತ್ತು. ಅದೇ ಜಾಗಕ್ಕೆ.

"ಬಟ್ಟೆ ಬಿಚ್ಚಿದೇಟ್ಗೆ ಬಲಗಣ್ಣು ನಾನೇ ನೋಡ್ತೀನಿ ಅಂತದೆ ತಾತ," ಎಂದಳು ಸಣ್ಣತಾಯಿ. "ಎಡಗಣ್ಣು ಸರಿ ಬುಡು ಅಂತದೆ."

ಅಂಕಮ್ಮ ನಿಟ್ಟುಸಿರು ಬಿಟ್ಟಳು. "ಓಗ್ಲಿ ಮಾವ. ಓದಾಕೆ ಬಂತಲ್ಲ, ಅಷ್ಟು ಸಾಕು. ಅವ್ರು ತಿರ್ಗಾ ಬಂದ್ರೆ ಚಲುವಮ್ಮನ ಮಗಳ ಕೈಲಿ ನೀರು ಕೊಡ್ಸಿದ್ರಾಯ್ತು."

ಸಣ್ಣತಾಯಿ ಚೆಂಬನ್ನು ಕೆಳಗಿಟ್ಟಳು. ಅಕ್ಕನ ಬೀಗರಿಗೆ ಬೇರೆ ಮನೆಯ ಹುಡುಗಿ ನೀರು ಕೊಡುವುದೆಂದರೆ, ಈ ಮನೆಯ ಹುಡುಗಿಯ ಕೈ ಅಪಶಕುನ ಎಂದು ಮನೆಯವರೇ ಒಪ್ಪಿದ ಹಾಗೆ. ಅದು ತಿಳಿಯದಷ್ಟು ಚಿಕ್ಕವಳಲ್ಲ ಅವಳು.

ಕಾರ್ತಿಕ ಮಾಸದಲ್ಲಿ ತಾತ ಹುರುಳಿ ಹೊಲಕ್ಕೆ ನೇಗಿಲು ಕಟ್ಟಿದ. ಬಲಗಡೆಗೆ ಹಳೆಯ ಎತ್ತು ಬಿಳಿಯ, ಎಡಗಡೆಗೆ ಹೊಸದಾಗಿ ಪಳಗುತ್ತಿದ್ದ ಮರಿಯ. ಬುತ್ತಿ ತಂದಿದ್ದ ಸಣ್ಣತಾಯಿ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಮರಿಯ ಹಿಂದೆ ಬಿತ್ತು, ನೊಗ ಓರೆಯಾಯಿತು, ಸಾಲು ಸೊಟ್ಟಗಾಯಿತು. ತಾತ ನೇಗಿಲು ನಿಲ್ಲಿಸಿದ. ನೇಗಿಲಿನ ಉದ್ದ ಮರವನ್ನು ನೊಗಕ್ಕೆ ಬಿಗಿದಿದ್ದ ಮಿಣಿಹಗ್ಗವನ್ನು ಸಡಿಲಿಸಿ, ಗಂಟನ್ನು ನೊಗದ ನಡುವಿನಿಂದ ಬಿಳಿಯನ ಕಡೆಗೆ ನಾಲ್ಕು ಬೆರಳು ಸರಿಸಿ ಮತ್ತೆ ಬಿಗಿದ. "ಹೈ" ಎಂದ. ಎರಡೂ ಎತ್ತು ಸಮನಾಗಿ ಹೆಜ್ಜೆ ಹಾಕಿದವು.

"ಅದೇನ್ ಮಾಡ್ದೆ ತಾತ?"

"ಗಂಟು ಯಾವ ಕಡೀಗೆ ಸರೀತದೋ ಆ ಕಡೀಗೆ ಭಾರ. ಬಿಳಿಯಂಗೆ ಎಚ್ಚು ಭಾರ ಬಿತ್ತು, ಮರಿಯಂಗೆ ಅಗುರಾಯ್ತು. ಈಗ ಇಬ್ರೂ ಜೊತೇಲಿ ಓಯ್ತವೆ. ವಾರಕ್ಕೆ ಒಂದೊಂದು ಬೆರಳು ಗಂಟ ವಾಪಸ್ ತತ್ತಾ ಬಂದ್ರೆ, ಸುಗ್ಗಿ ಒತ್ಗೆ ನಡುಮಧ್ಯಕ್ಕೆ ಬತ್ತದೆ. ಅಷ್ಟೊತ್ಗೆ ಮರಿಯ ಕಲ್ತಿರ್ತದೆ."

"ಬಿಳಿಯನ್ನ ಮನೇಲಿ ಕಟ್ಟಾಕಿ ಮರಿಯನ್ನೇ ಉಳಾಕೆ ಬುಟ್ರೆ?"

"ಒಂಟಿ ಎತ್ತು ಒಂಟೀಲಿ ನಡಿಯಾದು ಕಲೀತದೆ ಮಗಾ. ಜೊತೇಲಿ ನಡಿಯಾದು ಎಲ್ಲಿ..." ಎಂದವನು ಅಲ್ಲಿಗೇ ನಿಂತ. ನೇಗಿಲ ಮೇಣಿಯ ಮೇಲೆ ಕೈ ಹಾಗೇ ಇತ್ತು. ಮೊಮ್ಮಗಳ ಬಲಗಣ್ಣಿನ ಮೇಲಿನ ನೀಲಿ ಬಟ್ಟೆಯನ್ನೇ ನೋಡಿದ.  ಎತ್ತುಗಳು ಹಿಂತಿರುಗಿ ನೋಡಿದವು.

ಅವತ್ತು ಉಳುಮೆ ಅರ್ಧಕ್ಕೇ ಮುಗಿಯಿತು.

"ಸ್ವಾಮಿ, ನಾನು ಒಂದು ತಪ್ಪು ಮಾತಾಡಿದ್ದೆ," ಎಂದ ತಾತ, ಡಾಕ್ಟರ ಮುಂದೆ ನಿಂತು. "ಆ ಕಣ್ಣು ಮೈಗಳ್ಳ ಅಲ್ಲ. ಯಾರೂ ಕೆಲ್ಸ ಕೊಡ್ದೆ ಕೊಟ್ಟಿಗೇಲಿ ಕಟ್ಟಿದ್ದ ಎತ್ತು ಅದು. ನೀವು ಕೆಲ್ಸ ಕಲ್ಸಿದ್ರಿ. ಒಂಟೀಲಿ ಕಲ್ತದೆ. ಇನ್ನು ಜೋಡಿ ಕಟ್ಟಬೇಕು. ಒಳ್ಳೆ ಕಣ್ಣ ಪೂರ್ತಿ ಮುಚ್ಚಬ್ಯಾಡಿ, ಅದಕ್ಕೆ ಒಂಚೂರು ಭಾರ ಆಕಿ. ಆ ಗಾಜಿಗೆ ದೀಪದ ಮಸಿ ಗಿಸಿ ಬಳಿದ್ರೆ ಅದ್ಕೂ ಮಂಜಾಯ್ತದೆ. ಆಗ ಎರಡೂ ಸಮ ಆಯ್ತವಲ್ಲ?" ನೊಗ, ಮಿಣಿ, ಗಂಟು, ಎಲ್ಲವನ್ನೂ ಡಾಕ್ಟರ ಮೇಜಿನ ಮೇಲಿನ ರೂಲುದೊಣ್ಣೆ ಹಿಡಿದು ತೋರಿಸಿದ.

ಡಾಕ್ಟರು ಮೊದಲು ನಕ್ಕರು. ನಗು ಅರ್ಧಕ್ಕೆ ನಿಂತಿತು. ರೂಲುದೊಣ್ಣೆಯನ್ನು ತಾವೇ ಈಸಿಕೊಂಡು ಬೆರಳ ಮೇಲೆ ನಿಲ್ಲಿಸಿ, ಆಚೆ ಈಚೆ ಸರಿಸಿ ನೋಡಿದರು.

"ಎರಡು ಕಣ್ಣಿಗೂ ಜೊತೆಯಲ್ಲೇ ಕೆಲಸ ಕೊಡುವ ಯಂತ್ರಗಳು ಪರದೇಶದಲ್ಲಿವೆ ಅಂತ ಓದಿದ್ದೆ," ಎಂದರು. "ಎರಡು ಚಿತ್ರ ತೋರಿಸ್ತಾರೆ, ಒಂದೊಂದು ಕಣ್ಣಿಗೆ ಒಂದೊಂದು. ಈ ಯುದ್ಧದಲ್ಲಿ ಅದು ಮಳವಳ್ಳಿಗೆಲ್ಲಿ ಬರಬೇಕು ಅಂತ ಬಿಟ್ಟೆ."

ಬಾಗಿಲ ಮರೆಯಲ್ಲಿ ನಿಂತಿದ್ದ ಅವರ ಹೆಂಡತಿ, "ಬಂದು ಹತ್ತು ವರ್ಷವಾಯಿತು. ನಮ್ಮ ಪಡಸಾಲೆಯ ಮೇಜಿನ ಮೇಲೆ ಧೂಳು ತಿನ್ನುತ್ತಾ ಇದೆ" ಎಂದರು.

ಆ ಮಧ್ಯಾಹ್ನ ಅಮ್ಮಾವ್ರು ಗಾಳಿಪಟದ ತೆಳು ಬಿಳಿ ಕಾಗದ ತರಿಸಿ, ಅಂಚಿಗಷ್ಟೇ ಅನ್ನದ ಗಂಜಿಯ ಅಂಟು ಹಚ್ಚಿ, ಜಲಪಾತದ ಬಲಗಡೆ ಫೋಟೋ ಮುಚ್ಚುವಂತೆ ಒಂದರ ಮೇಲೊಂದು ಐದು ಪದರ ಅಂಟಿಸಿದರು. ಬಲಗಣ್ಣಿಗೆ ಜಲಪಾತ ಈಗ ಮಸುಕು ಮಸುಕು. ಎಡಗಣ್ಣಿಗೆ ಮುಚ್ಚು ಮರೆಯಿಲ್ಲ. ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಪದರ ಕೀಳಬೇಕು. ತಾತನ ಗಂಟು ವಾಪಸ್ ಬರುವ ಹಾಗೆ. ಬೆಳಗ್ಗೆ ಬಟ್ಟೆ, ಸಂಜೆ ಯಂತ್ರ ಎಂದು ಡಾಕ್ಟರು ನಿಯಮ ಹಾಕಿದರು. ಯಂತ್ರವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಡುವಾಗ ಅಮ್ಮಾವ್ರು ಸಣ್ಣತಾಯಿಯ ಕಿವಿಯಲ್ಲಿ ಹೇಳಿದರು: "ಕಾಣದಿದ್ದರೆ ಕಾಣಲಿಲ್ಲ ಅಂತಲೇ ಹೇಳು, ಪರವಾಗಿಲ್ಲ. ಆದರೂ ಅವಲಕ್ಕಿ ಇರುತ್ತೆ."

ಆ ಮಾತು ಕೇಳಿ ಸಣ್ಣತಾಯಿಯ ಕೆನ್ನೆ ಬಿಸಿಯಾಯಿತು. ಆಮೇಲೆ ಮನಸ್ಸು ಹಗುರವೂ ಆಯಿತು.

ಮೊದಲನೆಯ ಪದರ ಕಿತ್ತಾಗ ಏನೂ ಇಲ್ಲ. ಆದರೆ ಒಂದು ಹೊಸದು ನಡೆಯಿತು. ಇಷ್ಟು ದಿನ ಒಂದೇ ಚಿತ್ರ ಕಾಣುತ್ತಿತ್ತು, ಈಗ ಎರಡು ಚಿತ್ರ ಕಂಡವು. ಎರಡು ಜಲಪಾತ, ಒಂದರ ಮೇಲೊಂದು ಜಾರುತ್ತ, ಜಗಳವಾಡುತ್ತ. ಅವಳು ಹೆದರಿ ಹೇಳಿದಾಗ ತಾತ ಹಿಗ್ಗಿದ. "ಇಬ್ರೂ ನೊಗಕ್ಕೆ ಬಂದವ್ರೆ ಕಣ್ ಮಗಾ. ಮೊದ್ಲ ದಿನ ಗುದ್ದಾಡ್ದೆ ಇರ್ತಾರಾ?"

ಮೂರನೆಯ ಪದರ ಕಿತ್ತ ಐದನೆಯ ದಿನ. ಮಾಗಿಯ ಸಂಜೆ, ಕಣದಲ್ಲಿ ರಾಗಿ ಗುಡ್ಡೆ. ಸಣ್ಣತಾಯಿ ಜಗಲಿಯಲ್ಲಿ ಕೂತು ಯಂತ್ರ ಹಿಡಿದಿದ್ದಳು. ಎರಡು ಜಲಪಾತ ಎಂದಿನಂತೆ ಜಾರಿದವು, ಹತ್ತಿರ ಬಂದವು, ಒಂದರೊಳಗೊಂದು ಕೂತವು. ಕೂತ ಮೇಲೆ ಜಾರಲಿಲ್ಲ. ಆಮೇಲೆ, ಯಾರೋ ಹಿಂದಿನಿಂದ ಮೆಲ್ಲಗೆ ನೂಕಿದ ಹಾಗೆ, ಬಿಳಿಯ ಗೆರೆ ಬಂಡೆಯನ್ನು ಬಿಟ್ಟು ಈಚೆಗೆ ಬಂತು. ಅದು ಗೆರೆಯಲ್ಲ, ಹಗ್ಗ. ಹಗ್ಗವಲ್ಲ, ನೀರು. ನೀರಿಗೂ ಬಂಡೆಗೂ ನಡುವೆ ಜಾಗವಿತ್ತು. ಆ ಜಾಗದಲ್ಲಿ ಏನೂ ಇರಲಿಲ್ಲ, ಆದರೆ ಆ ಏನೂ ಇಲ್ಲದ್ದು ಕಾಣುತ್ತಿತ್ತು.

ಅವಳ ಕೈ ತಾನಾಗಿ ಯಂತ್ರದ ಮುಂದೆ ಹೋಗಿ ರಟ್ಟಿಗೆ ತಾಕಿತು.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ದೇವಿರಮ್ಮ ಅದನ್ನು ನೋಡಿ ದಾರ ಬಿಟ್ಟಳು. "ಏನ್ ಕಾಣ್ತದೆ?"

"ಸಂದು," ಎಂದಳು ಸಣ್ಣತಾಯಿ. "ಅಕ್ಕ, ಅಲ್ಲಿ ಸಂದು ಅದೆ. ನೀರಿನ ಇಂದ್ಗಡೆ ಓಗಬೌದು. ಒಬ್ರು ನಿಂತ್ಕಬೌದು ಅಲ್ಲಿ. ಮಳೆ ಬಂದ್ರೆ ನೆನಿಯಾಕಿಲ್ಲ." ಅವಳ ಮಾತು ನಿಲ್ಲಲೇ ಇಲ್ಲ.

ಹೊರಗಿನ ಲೋಕ ಒಂದೇ ಸಲಕ್ಕೆ ಹಾಗೆ ಬಿಚ್ಚಿಕೊಳ್ಳಲಿಲ್ಲ. ಒಂದು ದಿನ ಹುಣಸೆ ಮರದ ಕೊಂಬೆಗಳು ಒಂದರ ಹಿಂದೊಂದು ಸರಿದು ನಿಂತವು, ಮಾರನೆಯ ದಿನ ಮತ್ತೆ ಒತ್ತೊತ್ತಾಗಿ ಅಂಟಿಕೊಂಡವು. ಡಾಕ್ಟರು ಪರೀಕ್ಷೆ ಮಾಡಿ, "ಪೂರ್ತಿ ಬಂದಿದೆ ಅಂತ ನಾನು ಹೇಳಲಾರೆ. ಆದರೆ ಇಷ್ಟು ಬರುತ್ತೆ ಅಂತಲೂ ನಾನು ಅಂದುಕೊಂಡಿರಲಿಲ್ಲ" ಎಂದು ಒಂದು ಪುಸ್ತಕದಲ್ಲಿ ನೊಗದ ಚಿತ್ರ ಬರೆದುಕೊಂಡರು. ತಾತ ಪಕ್ಕದಲ್ಲಿ ನಿಂತು ಗಂಟು ಎಲ್ಲಿ ಬರಬೇಕೆಂದು ತಿದ್ದಿದ.

ಸಂಕ್ರಾಂತಿಯ ಎರಡನೆಯ ದಿನ ಕಿರುಗಾವಲಿನವರು ಬರುತ್ತಾರೆಂದು ಸುದ್ದಿ ಬಂತು. ಅಂಕಮ್ಮ ಚಲುವಮ್ಮನ ಮಗಳಿಗೆ ಹೇಳಿಯೂ ಬಿಟ್ಟಿದ್ದಳು. ಗಾಡಿಯ ಗೆಜ್ಜೆ ಕೇಳಿಸಿದಾಗ ದೇವಿರಮ್ಮ ಒಳಗಿನಿಂದ ಬಂದು, ಚೆಂಬನ್ನು ತುಂಬಿ, ನೇರವಾಗಿ ತಂಗಿಯ ಕೈಗೆ ಕೊಟ್ಟಳು.

"ಬ್ಯಾಡ ಕಣಕ್ಕ," ಎಂದಳು ಸಣ್ಣತಾಯಿ. "ತಿರ್ಗಾ ಚೆಲ್ದ್ರೆ?"

"ಚೆಲ್ಲಿದ್ರೆ ಚೆಲ್ತು. ನೀನು ಕೊಟ್ಟ ನೀರು ಬ್ಯಾಡ ಅನ್ನೋ ಮನೆಗೆ ನಾನೂ ಓಗಾಕಿಲ್ಲ."

ಅಂಕಮ್ಮ ಬಾಯಿ ತೆರೆದಳು. ತಾತ ಕೆಮ್ಮಿದ. ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಕೆಂಪಯ್ಯನವರು ಗಾಡಿಯಿಂದ ಇಳಿದರು. ಕನ್ನಡಕದ ಹುಡುಗಿಯನ್ನು ನೋಡಿದರು, ಅವಳ ಕೈಯ ಚೆಂಬನ್ನು ನೋಡಿದರು. ಮೆಟ್ಟು ದೂರ ಬಿಟ್ಟು, ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು, ಬಗ್ಗಿ ಬೊಗಸೆ ಒಡ್ಡಿದರು. ಹಿಂದೆ ನಿಂತಿದ್ದ ಅವರ ಅಕ್ಕ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. 

ಸಣ್ಣತಾಯಿ ಚೆಂಬು ಎತ್ತಿದಳು. ಎರೆಯುವ ಮೊದಲು ಒಂದು ಕ್ಷಣ ನಿಂತಳು. ಕೈ ಎಲ್ಲಿರಬೇಕೋ ಅಲ್ಲಿರಲಿಲ್ಲ. ಬೇರೆಯವರೆಲ್ಲ ಬೊಗಸೆಯನ್ನು ಎದೆಯ ಹತ್ತಿರ ಹಿಡಿಯುತ್ತಾರೆ. ಕೆಂಪಯ್ಯನವರ ಎರಡು ಕೈಯೂ ನೆಟ್ಟಗೆ ಅವಳ ಕಡೆಗೆ ಚಾಚಿಕೊಂಡಿದ್ದವು. ಎಷ್ಟು ಚಾಚಿದ್ದವೆಂದರೆ ಅವರ ಸೊಂಟ ನೋಯುತ್ತಿರಬೇಕು. ಎಷ್ಟು ಈಚೆಗೆ ಎಂಬುದು ಅವಳಿಗೆ ಕಂಡಿತು. ನಾಲ್ಕು ಬೆರಳು.

ಕಳೆದ ಸಲ ನೀರು ಬಿದ್ದ ಜಾಗಕ್ಕೇ ಅವರು ಈ ಸಲ ಕೈ ತಂದಿಟ್ಟಿದ್ದರು.

ಸಣ್ಣತಾಯಿ ಅರ್ಧ ಹೆಜ್ಜೆ ಹಿಂದಕ್ಕೆ ಸರಿದು ಎರೆದಳು. ಚೆಂಬಿನ ಬಾಯಿಯಿಂದ ಬೊಗಸೆಯವರೆಗೆ ನೀರು ಒಂದು ಹಗ್ಗದಂತೆ ನಿಂತಿತು. ಆ ಕಡೆ ಈ ಕಡೆ ಜಾಗ ಬಿಟ್ಟುಕೊಂಡು, ಯಾರ ಕೈಗೂ ಚೆಂಬು ತಾಕದೆ, ಒಂದು ಹನಿಯೂ ಆಚೆ ಹೋಗದೆ.

ಕೆಂಪಯ್ಯನವರು ಕೈ ತೊಳೆದು, ಮುಖ ತೊಳೆದು, ಬೊಗಸೆಯಲ್ಲಿ ಉಳಿದದ್ದನ್ನು ಕುಡಿದೂಬಿಟ್ಟರು. ಆಮೇಲೆ ಗಾಡಿಯಿಂದ ಒಂದು ಬುಟ್ಟಿ ತರಿಸಿ ಜಗಲಿಯ ಮೇಲಿಟ್ಟರು.

"ಅವತ್ತು ಎಳ್ಳೊಂದು ಬಾಕಿ ಅಂದಿದ್ನಲ್ಲ ಬೋರಣ್ಣ, ಐದು ತಿಂಗಳು ಆ ಮಾತು ನನ್ನೇ ಚುಚ್ತಿತ್ತು. ತಂದಿವ್ನಿ. ಬೆಲ್ಲದ ಜೊತೇಲಿ."

ಬೋರಯ್ಯ ನಕ್ಕ. ಅಂಕಮ್ಮ ಸೆರಗಿನಲ್ಲಿ ಕಣ್ಣೊರಸಿಕೊಂಡು ವೀಳ್ಯದ ತಟ್ಟೆ ತರಲು ಒಳಗೆ ಓಡಿದಳು. ಕರುವನ್ನು ಆಗಲೇ ನೆರಳಿಗೆ ಕಟ್ಟಿಯಾಗಿತ್ತು, ಹುಡುಗನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ, ಅವನು ಕಿಟಕಿಯ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ.

ಎಲ್ಲರೂ ಒಳಗೆ ಹೋಗುವಾಗ ಕೆಂಪಯ್ಯನವರು ಸಣ್ಣತಾಯಿಯ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದರು.

"ನಾನು ಕೈ ಮುಂದಕ್ಕೆ ಮಡಗಿದ್ದು ನಿಂಗೆಂಗೆ ಗೊತ್ತಾಯ್ತವ್ವ?"

"ಕಾಣ್ತು ಮಾವ," ಎಂದಳು ಸಣ್ಣತಾಯಿ.